ಒಂದು ರಬ್ಬರು ಕೊಳವೆಯ ಪ್ರಸಂಗ

ಯಂತ್ರಗಳ ವಿಷಯವಾಗಿ ಬರೆಯುವವರು ಸಾಮಾನ್ಯವಾಗಿ ಅವುಗಳ ಶಕ್ತಿಯನ್ನು ಹೊಗಳುತ್ತಾರೆ. ಇಷ್ಟು ಅಶ್ವಶಕ್ತಿ, ಇಷ್ಟು ವೇಗ, ಇಷ್ಟು ಭಾರ ಎಂದು ಲೆಕ್ಕ ಕೊಡುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ಮೋಟಾರಿನ ಶಕ್ತಿಯ ಮಾತಲ್ಲ. ಅದರೊಳಗಿನ ಶೂನ್ಯದ ಮಾತು, ಮತ್ತು ಆ ಶೂನ್ಯವನ್ನು ಕಾಯ್ದುಕೊಂಡಿರುವ, ಕಿರುಬೆರಳಿಗಿಂತಲೂ ತೆಳ್ಳಗಿನ ಒಂದು ರಬ್ಬರು ಕೊಳವೆಯ ಮಾತು. ಅದು ಮುರಿದುದರಿಂದ ನಮ್ಮ ಹಳೆಯ ಗಾಡಿ ನಾಲ್ಕು ದಿನ ಕೆಟ್ಟಿತು. ಮುರಿದವರು ಯಾರೆಂಬ ವಿಚಾರದಲ್ಲಿ ನಾವು ಆಡಬಾರದ ಮಾತನ್ನು ಆಡಿಬಿಟ್ಟೆವು. ಕೊಳವೆಯನ್ನು ಸರಿಪಡಿಸಲು ಅರ್ಧ ಗಂಟೆ ಸಾಕಾಯಿತು. ಮಾತಿನ ಲೆಕ್ಕ ಮಾತ್ರ ಇನ್ನೂ ತೀರಿಲ್ಲವೆಂದೇ ನಮ್ಮ ಎಣಿಕೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಅಣ್ಣತಮ್ಮಂದಿರಾದ ನಾವಿಬ್ಬರೂ ಕನ್ನಡ ಓದುಬರಹ ಕಲಿತದ್ದು ಈ ಶಾಲೆಯಲ್ಲಿ. ಆ ಮಾತನ್ನು ಆಡಿದ್ದೂ ಕನ್ನಡದಲ್ಲಿಯೇ. ಆದುದರಿಂದ ಅದನ್ನು ಇಲ್ಲಿ ಒಪ್ಪಿಸುವುದು ಯುಕ್ತವೆಂದು ತೋರಿತು.

ಮೊದಲು ಗಾಡಿಯ ಪರಿಚಯ. ಅದು ನಮ್ಮ ತೀರ್ಥರೂಪರು 1996ರಲ್ಲಿ ಕೊಂಡ ಮಾರುತಿ ಝೆನ್. ನಾಲ್ಕು ಸಿಲಿಂಡರುಗಳ, 993 ಸಿ.ಸಿ.ಯ ಎಂಜಿನು. ಈಗಿನ ಗಾಡಿಗಳಲ್ಲಿ ಗಣಕಯಂತ್ರದ ಅಪ್ಪಣೆಯಂತೆ ಪೆಟ್ರೋಲು ಸಿಂಪಡಿಸಲ್ಪಡುತ್ತದೆ. ಇದರಲ್ಲಿ ಹಾಗಿಲ್ಲ, ಕಾರ್ಬ್ಯುರೇಟರಿನ ಮೂಲಕ ಹಾದುಹೋಗುವ ಗಾಳಿಯೇ ಪೆಟ್ರೋಲನ್ನು ಸೆಳೆದುಕೊಂಡು ಹೋಗಬೇಕು. ತೀರ್ಥರೂಪರು ತೀರಿಕೊಂಡ ಮೇಲೂ ಈ ಗಾಡಿಯನ್ನು ಮಾರಲು ನಮ್ಮ ತಾಯಿಯವರು ಒಪ್ಪಲಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಮರುನೋಂದಣಿಯ ಓಡಾಟವುಂಟು, ಹಸಿರು ತೆರಿಗೆಯುಂಟು. ಅದನ್ನೆಲ್ಲ ಕಟ್ಟಿ, ಗಾಡಿಯನ್ನು ಮನೆಯ ಹಿರಿಯರೊಬ್ಬರಂತೆ ಉಳಿಸಿಕೊಂಡಿದ್ದೆವು. 2018ರ ಡಿಸೆಂಬರಿನಲ್ಲಿ ತಾಯಿಯವರು, ಪುಣೆಯಲ್ಲಿರುವ ತಮ್ಮ ತಂಗಿಯನ್ನು ನೋಡಲು ಅದೇ ಗಾಡಿಯಲ್ಲಿ ಹೋಗಬೇಕೆಂದರು. ಮುಂದಿನ ಭಾನುವಾರ ಹೊರಡುವುದೆಂದು ನಿಶ್ಚಯವಾಯಿತು.

ಪಯಣಕ್ಕೆ ಎಂಟು ದಿನ ಮುಂಚೆ, ಶನಿವಾರ, ಮನೆಯ ಬಳಿಯ ಒಂದು ಗ್ಯಾರೇಜಿನಲ್ಲಿ ಎಂಜಿನಿನ ಎಣ್ಣೆ ಬದಲಿಸಿಕೊಂಡು ಬಂದೆವು. ಕೆಲಸ ಮಾಡಿದವನು ಇಪ್ಪತ್ತರ ಹರೆಯದ ಒಬ್ಬ ಹುಡುಗ. ಮಾತು ಕಡಿಮೆ, ಕೈ ಚುರುಕು. ಮರುದಿನ ಭಾನುವಾರ ನಮಗೆ ಬಿಡುವಿತ್ತು. ಗಾಳಿ ಸೋಸುವ ಫಿಲ್ಟರನ್ನು ನಾವೇ ಶುಚಿಮಾಡೋಣ, ಅದಕ್ಕೇಕೆ ಇನ್ನೊಬ್ಬರ ಹಂಗು, ಎಂದು ಬಾನೆಟ್ಟು ಎತ್ತಿದೆವು. ಫಿಲ್ಟರಿನ ಪೆಟ್ಟಿಗೆ ಸುಲಭವಾಗಿ ಮೇಲೇಳಲಿಲ್ಲ. ನಮ್ಮಲ್ಲಿ ಒಬ್ಬನು ಅದನ್ನು ಅಲುಗಾಡಿಸಿದನು, ಇನ್ನೊಬ್ಬನು ಬಲವಾಗಿ ಎಳೆದನು. ಎಲ್ಲಿಯೋ ಕೆಳಗೆ 'ಟಕ್' ಎಂದು ಒಣಗಿದ ಕಡ್ಡಿ ಮುರಿದಂತೆ ಒಂದು ಸಣ್ಣ ಸದ್ದಾಯಿತು. ಇಬ್ಬರೂ ಮುಖಮುಖ ನೋಡಿಕೊಂಡೆವು. ಬಗ್ಗಿ ನೋಡಿದರೆ ಏನೂ ಕಾಣಲಿಲ್ಲ. ಕಾಣದ್ದು ಆಗಿಲ್ಲವೆಂದು ತಿಳಿದು, ಫಿಲ್ಟರಿನ ಧೂಳು ಕೊಡವಿ, ಪೆಟ್ಟಿಗೆಯನ್ನು ಮುಚ್ಚಿದೆವು. ಆ ಸದ್ದಿನ ವಿಷಯವನ್ನು ನಾವು ಆಗ ಒಬ್ಬರಿಗೊಬ್ಬರು ಕೂಡ ಆಡಲಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿಯ ಸ್ವಭಾವವೇ ಬೇರೆಯಾಗಿತ್ತು. ಓಡುವಾಗ ಹೆಚ್ಚಿನ ತೊಂದರೆಯಿಲ್ಲ. ಸಿಗ್ನಲ್ಲಿನಲ್ಲಿ ನಿಂತೊಡನೆ ಚಳಿಜ್ವರ ಬಂದವರಂತೆ ನಡುಗುವುದು. ಎಂಜಿನಿನ ಸುತ್ತು ಒಮ್ಮೆ ಏರುವುದು, ಒಮ್ಮೆ ಇಳಿಯುವುದು, ಮೂರನೆಯ ಬಾರಿ ನಿಂತೇ ಹೋಗುವುದು. ಹಿಂದಿನಿಂದ ಹಾರ್ನುಗಳ ಗದ್ದಲ. ನಾಲ್ಕು ಸಿಗ್ನಲ್ಲು ದಾಟುವುದರೊಳಗೆ ನಮ್ಮ ತಾಳ್ಮೆ ತೀರಿತು. ಶನಿವಾರ ಎಣ್ಣೆ ಬದಲಿಸಿದ್ದಾರೆ, ಸೋಮವಾರ ಕೆಟ್ಟಿದೆ. ಆದ್ದರಿಂದ ಕೆಡಿಸಿದವನು ಎಣ್ಣೆ ಬದಲಿಸಿದವನೇ ಸರಿ, ಎಂದು ತೀರ್ಮಾನಿಸಿದೆವು. ನಡುವೆ ಒಂದು ಭಾನುವಾರ ಬಂದುಹೋಯಿತೆಂಬುದು ನಮ್ಮ ತರ್ಕಕ್ಕೆ ಹೊಳೆಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ನಾವು ಇದೇ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಸಮಯಕ್ಕೆ ಅದು ನೆನಪಿಗೆ ಬರಲಿಲ್ಲ.

ಮಂಗಳವಾರ ಗ್ಯಾರೇಜಿಗೆ ಹೋಗಿ ಯಜಮಾನನೊಡನೆ ಹಿಂದಿಯಲ್ಲಿ ಜಗಳ ತೆಗೆದೆವು. ಅವನು ಹುಡುಗನನ್ನು ಕರೆದನು. ಎಣ್ಣೆ ಬದಲಿಸಿದ್ದಲ್ಲದೆ ಬೇರೆ ಏನನ್ನೂ ಮುಟ್ಟಿಲ್ಲವೆಂದು ಹುಡುಗ ಹಿಂದಿಯಲ್ಲಿಯೇ ಹೇಳಿದನು. ನಾವು ಒಬ್ಬರನ್ನೊಬ್ಬರು ನೋಡಿ ಕನ್ನಡದಲ್ಲಿ ಮಾತಾಡಿಕೊಂಡೆವು. ಆ ಮಾತನ್ನು ಮರೆಮಾಚದೆ ಬರೆಯುತ್ತೇವೆ:

"ಇಂಥವರ ಕೈಗೆ ಗಾಡಿ ಕೊಟ್ಟದ್ದೇ ನಮ್ಮ ತಪ್ಪು. ಒಳ್ಳೆಯ ಸಾಮಾನು ಬಿಚ್ಚಿ ಹಳೆಯದನ್ನು ಸಿಕ್ಕಿಸಿರಬೇಕು. ಕಳ್ಳನೆಂಬುದು ಮುಖ ನೋಡಿದರೇ ತಿಳಿಯುತ್ತದೆ."

ಹುಡುಗ ಒಮ್ಮೆ ತಲೆಯೆತ್ತಿ ನಮ್ಮನ್ನು ನೋಡಿದನು. ಮತ್ತೆ ತಲೆ ತಗ್ಗಿಸಿದನು. ನಮ್ಮ ಸಮಾಧಾನಕ್ಕಾಗಿ ಯಜಮಾನನು ಅವನ ಒಂದು ದಿನದ ಕೂಲಿಯನ್ನು ಮುರಿಯುವೆನೆಂದನು. ಕಾರ್ಬ್ಯುರೇಟರು ಬಿಚ್ಚಿ ನೋಡಬೇಕು, ಪ್ರಾಯಶಃ ಬದಲಿಸಬೇಕಾದೀತು, ಎರಡು ದಿನ ಗಾಡಿ ಬಿಟ್ಟುಹೋಗಿ ಎಂದೂ ಹೇಳಿದನು. ನಮಗೆ ನಂಬಿಕೆ ಹೋಗಿತ್ತು. ಗಾಡಿಯನ್ನು ನಡುಗಿಸುತ್ತಲೇ ಮನೆಗೆ ತಂದೆವು.

ಬುಧವಾರ ಸಂಜೆ ಮನೆಯ ಅಂಗಳದಲ್ಲಿ ಎಂಜಿನು ಚಾಲೂ ಮಾಡಿ, ಬಾನೆಟ್ಟು ಎತ್ತಿ, ಏನೂ ತೋಚದೆ ನಿಂತಿದ್ದೆವು. ದೇವಸ್ಥಾನದಿಂದ ಬರುತ್ತಿದ್ದ ತಾಯಿಯವರು ಅಲ್ಲಿಯೇ ನಿಂತು ಕಿವಿಗೊಟ್ಟರು.

"ಅದೆಂಥದು ಸುಸ್ ಅಂತ ಕೇಳ್ತದೆ? ಕುಕ್ಕರಿನ ರಬ್ಬರು ಹೋದರೆ ಹೀಗೇ ಅಲ್ವೋ ಸದ್ದು ಬರುವುದು?"

ಎಂಜಿನಿನ ಗಡಗಡದ ನಡುವೆ ನಮಗೆ ಕೇಳಿಸದೆ ಇದ್ದ ಸದ್ದು, ನಲವತ್ತು ವರ್ಷ ಒಲೆಯ ಮುಂದೆ ನಿಂತ ಕಿವಿಗೆ ಕೇಳಿಸಿತ್ತು. ಸದ್ದಿನ ಜಾಡು ಹಿಡಿದು ಫಿಲ್ಟರಿನ ಪೆಟ್ಟಿಗೆಯ ಕೆಳಗೆ ಟಾರ್ಚು ಬಿಟ್ಟೆವು. ಮ್ಯಾನಿಫೋಲ್ಡಿಗೆ ಸೇರಿದ ಒಂದು ಕಪ್ಪು ಕೊಳವೆ ತನ್ನ ಮೂತಿಯ ಬಳಿಯೇ ಮುರಿದು ನೇತಾಡುತ್ತಿತ್ತು. ಮುರಿದ ಅಂಚು ಹೊಸದು. ಧೂಳು ಕೂಡ ಹತ್ತಿರಲಿಲ್ಲ. ತೆರೆದಿದ್ದ ಬಾಯಿಗೆ ಬೆರಳು ಒತ್ತಿದೊಡನೆ ಅದು ಬೆರಳನ್ನೇ ಚಪ್ಪರಿಸಿ ಹಿಡಿದುಕೊಂಡಿತು. ಸುಸ್ಸೆಂಬ ಸದ್ದು ನಿಂತಿತು. ಎಂಜಿನಿನ ನಡುಕವೂ ನಿಂತಿತು. ಬೆರಳು ತೆಗೆದರೆ ಮತ್ತೆ ನಡುಕ.

ತಾಯಿಯವರು ಕೇಳಿದರು: "ಭಾನುವಾರ ಈ ಪೆಟ್ಟಿಗೆ ತೆಗೆದದ್ದು ನೀವೇ ಅಲ್ವಾ? ಹಾಗಾದರೆ ಆ ಹುಡುಗನನ್ನು ಯಾಕೆ ಬಯ್ದು ಬಂದಿರಿ?"

ಭಾನುವಾರದ 'ಟಕ್' ಸದ್ದು ನಮ್ಮಿಬ್ಬರಿಗೂ ಒಟ್ಟಿಗೆ ನೆನಪಾಯಿತು. ಉತ್ತರ ಕೊಡಲು ಬಾಯಿ ಬರಲಿಲ್ಲ.

ವಿದ್ಯಾರ್ಥಿ ಮಿತ್ರರೆ, ಕಥೆಯನ್ನು ಇಲ್ಲಿ ತುಸು ನಿಲ್ಲಿಸಿ, ಬೆರಳಗಲದ ತೂತೊಂದು ಎಂಜಿನಿಗೆ ಇಷ್ಟು ತೊಂದರೆ ಕೊಡುವುದು ಹೇಗೆಂಬುದನ್ನು ಹೇಳುತ್ತೇವೆ. ನಾವೆಲ್ಲರೂ ಗಾಳಿಯ ಸಮುದ್ರದ ತಳದಲ್ಲಿ ವಾಸಿಸುವವರು. ಗಾಳಿಗೂ ತೂಕವಿದೆ. 1643ರಲ್ಲಿ ಇಟಲಿಯ ಟೊರಿಚೆಲ್ಲಿಯು ಪಾದರಸ ತುಂಬಿದ ಗಾಜಿನ ನಳಿಗೆಯನ್ನು ತಲೆಕೆಳಗಾಗಿ ನಿಲ್ಲಿಸಿ, ಆ ತೂಕವು ಸುಮಾರು 760 ಮಿಲಿಮೀಟರ್ ಎತ್ತರದ ಪಾದರಸವನ್ನು ಹೊರಬಲ್ಲುದೆಂದು ತೋರಿಸಿದನು. ನಮ್ಮ ಮುಂಬಯಿಯಂತಹ ಕಡಲತೀರದಲ್ಲಿ ಅದು ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಮಿನ ಒತ್ತಡ. ಜರ್ಮನಿಯ ಮ್ಯಾಗ್ಡೆಬರ್ಗ್ ನಗರದ ಓಟೋ ಫಾನ್ ಗೆರಿಕೆಯು ತಾಮ್ರದ ಎರಡು ಅರ್ಧಗೋಲಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ತೆಗೆದು, ಎರಡು ಕಡೆಯಿಂದಲೂ ಕುದುರೆಗಳನ್ನು ಕಟ್ಟಿ ಎಳೆಯಿಸಿದ ಪ್ರಯೋಗವನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರಬಹುದು. ಗೋಲಗಳನ್ನು ಹಿಡಿದಿದ್ದುದು ಒಳಗಿನ ಶೂನ್ಯವಲ್ಲ, ಹೊರಗಿನ ಗಾಳಿ. ಶೂನ್ಯವು ಎಳೆಯುವುದಿಲ್ಲ; ಗಾಳಿಯು ನೂಕುತ್ತದೆ.

ಪೆಟ್ರೋಲು ಎಂಜಿನಿನಲ್ಲಿ ಇದೇ ನಡೆಯುತ್ತದೆ. ಪಿಸ್ಟನು ಕೆಳಗಿಳಿದಾಗ ಸಿಲಿಂಡರಿನೊಳಗೆ ಜಾಗ ಹೆಚ್ಚಿ ಒತ್ತಡ ತಗ್ಗುತ್ತದೆ. ಆ ಜಾಗ ತುಂಬಲು ಹೊರಗಿನ ಗಾಳಿ ನುಗ್ಗಬೇಕು. ಆದರೆ ಗಾಡಿ ನಿಂತಿರುವಾಗ, ಕಾಲು ಆಕ್ಸಿಲರೇಟರಿನ ಮೇಲಿಲ್ಲದಿರುವಾಗ, ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಎಂಬ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನುಗಳು ಹೀರುತ್ತಲೇ ಇರುತ್ತವೆ, ಗಾಳಿ ಬರುವುದು ಸಂದಿಯಲ್ಲಿ ಮಾತ್ರ. ಹೀಗಾಗಿ ಬಾಗಿಲಿನ ಈಚೆಗಿರುವ ಮ್ಯಾನಿಫೋಲ್ಡಿನಲ್ಲಿ ಒತ್ತಡವು ಹೊರಗಿನದಕ್ಕಿಂತ ಸುಮಾರು 450ರಿಂದ 500 ಮಿಲಿಮೀಟರ್ ಪಾದರಸದಷ್ಟು ಕಡಿಮೆಯಾಗುತ್ತದೆ. ಇದನ್ನೇ ಮೆಕ್ಯಾನಿಕರು ವ್ಯಾಕ್ಯೂಮ್ ಎನ್ನುವುದು. ಪೂರ್ಣ ಶೂನ್ಯವಲ್ಲ, ಮೂರರಲ್ಲಿ ಎರಡು ಪಾಲಿಗೆ ಸಮೀಪಿಸಿದ ಶೂನ್ಯ.

ಹೇಗೂ ಹುಟ್ಟುವ ಈ ಶೂನ್ಯವನ್ನು ವ್ಯರ್ಥಮಾಡದೆ, ಎಂಜಿನು ರಚಿಸಿದವರು ಅದರಿಂದ ಹತ್ತಾರು ಕೆಲಸ ಮಾಡಿಸಿಕೊಂಡಿದ್ದಾರೆ. ಒಂದು ಕೊಳವೆ ಡಿಸ್ಟ್ರಿಬ್ಯೂಟರಿಗೆ ಹೋಗಿ, ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡುತ್ತದೆ. ಇನ್ನೊಂದು ಎಂಜಿನಿನ ಹೊಟ್ಟೆಯಲ್ಲಿ ಸೇರಿದ ಆವಿಯನ್ನು ಮತ್ತೆ ಸುಡುವುದಕ್ಕೆ ಒಯ್ಯುತ್ತದೆ. ದಪ್ಪನೆಯದೊಂದು ಬ್ರೇಕಿನ ಬೂಸ್ಟರಿಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ, ತಂಪು ಯಂತ್ರ ಹಾಕಿದೊಡನೆ ಎಂಜಿನಿನ ಸುತ್ತನ್ನು ತುಸು ಏರಿಸುವ ಕೆಲಸವೂ ಇಂತಹದೊಂದು ಕೊಳವೆಯದೇ. ಸರಿಗೆಯಿಲ್ಲ, ಹಲ್ಲುಗಾಲಿಯಿಲ್ಲ; ಬರಿಯ ಕೊಳವೆ, ಅದರೊಳಗೆ ಬರಿದು.

ಕೊಳವೆ ಮುರಿದರೆ ಆಗುವುದೇನು? ಪೆಟ್ರೋಲು ಸರಿಯಾಗಿ ಉರಿಯಲು, ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಬೇಕು. ಕಾರ್ಬ್ಯುರೇಟರು ತನ್ನ ಮೂಲಕ ಹೋದ ಗಾಳಿಗೆ ಮಾತ್ರ ಪೆಟ್ರೋಲು ಬೆರೆಸುತ್ತದೆ. ಮುರಿದ ಬಾಯಿಂದ ನುಗ್ಗಿದ ಗಾಳಿ ಲೆಕ್ಕಕ್ಕೆ ಸಿಗದ ಗಾಳಿ. ರಸ್ತೆಯ ಬದಿಯಲ್ಲಿ ಎಳನೀರು ಕುಡಿಯುವಾಗ ನಿಮ್ಮ ಸ್ಟ್ರಾದಲ್ಲಿ ಸೀಳಿದ್ದರೆ, ಎಷ್ಟು ಹೀರಿದರೂ ನೀರಿಗಿಂತ ಗಾಳಿಯೇ ಬಾಯಿಗೆ ಬರುತ್ತದಲ್ಲವೆ? ಎಂಜಿನಿನ ಗತಿಯೂ ಅದೇ. ಮಿಶ್ರಣ ತೆಳುವಾಗುತ್ತದೆ, ಒಂದು ಸಿಲಿಂಡರಿನಲ್ಲಿ ಉರಿದರೆ ಇನ್ನೊಂದರಲ್ಲಿ ಉರಿಯುವುದಿಲ್ಲ, ಗಾಡಿ ನಡುಗುತ್ತದೆ. ಓಡುವಾಗ ಈ ಕಾಟ ಕಡಿಮೆ. ಏತಕ್ಕೆಂದರೆ ಆಗ ಬಾಗಿಲು ತೆರೆದು ಗಾಳಿ ಹೇರಳವಾಗಿ ಬರುತ್ತದೆ, ಮ್ಯಾನಿಫೋಲ್ಡಿನ ಶೂನ್ಯ ಇಳಿಯುತ್ತದೆ, ಕಳ್ಳಗಾಳಿಯ ಪಾಲು ಅತ್ಯಲ್ಪವಾಗುತ್ತದೆ. ನಿಂತಾಗ ಕೆಟ್ಟು ಓಡುವಾಗ ಸುಧಾರಿಸುವ ಎಂಜಿನನ್ನು ಕಂಡರೆ ಮೊದಲು ಕೊಳವೆಗಳನ್ನು ನೋಡಬೇಕೆಂಬುದು ಇದರಿಂದಲೇ. ನಾವು ಸೋಮವಾರ ಹತ್ತು ನಿಮಿಷ ಯೋಚಿಸಿದ್ದರೂ ಇಲ್ಲಿಗೆ ಬಂದು ಮುಟ್ಟುತ್ತಿದ್ದೆವು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡೆವು.

ತಾಯಿಯವರ ಕುಕ್ಕರಿಗೂ ನಮ್ಮ ಎಂಜಿನಿಗೂ ಒಂದೇ ವ್ಯತ್ಯಾಸ. ಕುಕ್ಕರಿನ ಸೋರಿಕೆ ಒಳಗಿನಿಂದ ಹೊರಕ್ಕೆ. ಎಂಜಿನಿನದು ಹೊರಗಿನಿಂದ ಒಳಕ್ಕೆ. ಕಿವಿಗೆ ಎರಡೂ ಒಂದೇ.

ಆ ರಾತ್ರಿ ನಾವು ಮಾಡಿದ ರಿಪೇರಿಯನ್ನೂ ಹೇಳಿಬಿಡುತ್ತೇವೆ. ವಿದ್ಯುತ್ ತಂತಿಗೆ ಸುತ್ತುವ ಟೇಪನ್ನು ಮುರಿದ ಕಡೆಗೆ ಬಿಗಿಯಾಗಿ ಸುತ್ತಿದೆವು. ಐದು ನಿಮಿಷ ಎಂಜಿನು ಮುದ್ದಾಗಿ ನಡೆಯಿತು. ಕಾವೇರಿದೊಡನೆ ಟೇಪಿನ ಅಂಟು ಕರಗಿ, ಎಣ್ಣೆಯಲ್ಲಿ ಜಾರಿ, ಸುತ್ತುಸುತ್ತಾಗಿ ಬಿಚ್ಚಿಕೊಂಡಿತು. ನಿಜವಾಗಿ ನೋಡಿದರೆ, ಗ್ಯಾರೇಜಿಗೆ ಹೋಗುವುದನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ಆ ಟೇಪು ಸುತ್ತಿದ್ದೆವು. ರಿಪೇರಿಗೆ ಹೋದರೆ ಹುಡುಗನಿಗೆ ಮುಖ ತೋರಿಸಬೇಕು. ಬೇರೆ ಗ್ಯಾರೇಜಿಗೆ ಹೋಗೋಣವೆಂದು ನಮ್ಮಲ್ಲಿ ಕಿರಿಯನು ಸೂಚಿಸಿದನು, ಹಿರಿಯನು ಹೂಂಗುಟ್ಟಿದನು. ಒಳಗಿನಿಂದ ತಾಯಿಯವರು, "ಅವನ ಕೂಲಿಯೂ ಬೇರೆ ಗ್ಯಾರೇಜಿನಲ್ಲಿ ಸಿಗ್ತದೋ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಗುರುವಾರ ಬೆಳಿಗ್ಗೆ ಗ್ಯಾರೇಜು ತೆರೆಯುವ ಹೊತ್ತಿಗೇ ಹೋದೆವು. ಮುರಿದ ಕೊಳವೆಯ ತುಂಡನ್ನು ಯಜಮಾನನ ಮುಂದಿಟ್ಟು, ಇದನ್ನು ಮುರಿದವರು ನಾವು, ಹುಡುಗನ ತಪ್ಪಿಲ್ಲ, ಅವನ ಕೂಲಿಯನ್ನು ನಾವೇ ತುಂಬಿಕೊಡುತ್ತೇವೆ ಎಂದು ಹಿಂದಿಯಲ್ಲಿ ಹೇಳಿದೆವು. ಯಜಮಾನನು ನಕ್ಕು, ಕೂಲಿ ತಾನೇ ಕೊಡುವೆನೆಂದು ಹೇಳಿ, ಹುಡುಗನನ್ನು ಕರೆದು ಗಾಡಿ ನೋಡೆಂದನು. ಹುಡುಗ ಬಂದನು. ನಾವು ಅವನಿಗೂ ಅದೇ ಮಾತನ್ನು ಹಿಂದಿಯಲ್ಲಿ ಮೊದಲಿನಿಂದ ಶುರುಮಾಡಿದೆವು. ಅವನು ಕೈ ಒರಸಿಕೊಳ್ಳುತ್ತ ಮೆಲ್ಲನೆ ಅಂದನು:

"ಕನ್ನಡದಾಗ ಹೇಳ್ರಿ. ನಮ್ಮೂರು ವಿಜಾಪುರ ಕಡೇದ್ರಿ. ಅವತ್ತ ನೀವು ನಿಮ್ಮೊಳಗ ಆಡಿದ್ದೂ ನನಗ ತಿಳಿದಿತ್ರಿ."

ಇದಕ್ಕಿಂತ ಅವನು ನಮ್ಮನ್ನು ನಾಲ್ಕು ಜನರ ಮುಂದೆ ಬಯ್ದಿದ್ದರೆ ಹಗುರಾಗುತ್ತಿತ್ತು. ಕಳ್ಳನೆಂಬುದು ಮುಖ ನೋಡಿದರೇ ತಿಳಿಯುತ್ತದೆಂದು ಹೇಳಿದ ಬಾಯಿಗಳು ನಮ್ಮವು. ಆ ಮುಖ ಕನ್ನಡ ಬಲ್ಲ ಮುಖವೆಂಬುದು ಕೂಡ ನಮಗೆ ನೋಡಿ ತಿಳಿದಿರಲಿಲ್ಲ. ಮುಂಬಯಿಯ ಕನ್ನಡಿಗರಾದ ನಮಗೆ ಒಂದು ಕೆಟ್ಟ ಚಾಳಿಯುಂಟು. ರೈಲಿನಲ್ಲಿ, ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಪಕ್ಕದವರ ವಿಷಯವನ್ನು ಅವರೆದುರಿಗೇ ಕನ್ನಡದಲ್ಲಿ ಆಡುತ್ತೇವೆ. ಯಾರಿಗೂ ತಿಳಿಯದೆಂಬ ಧೈರ್ಯ. ಊರಿನಿಂದ ದೂರವಿರುವವರಿಗೆ ಮಾತೃಭಾಷೆ ಆಪ್ತವಾಗಿರಬೇಕಾದುದು ಸರಿಯೇ. ನಾವು ಅದನ್ನು ಪರದೆಯಾಗಿ ಬಳಸಿದೆವು. ಹುಡುಗನಿಗೆ ಹಿಂದಿಯಲ್ಲಿ ತಗುಲಿದ ಬೈಗುಳ ದೂರದವರ ಬೈಗುಳ. ಕನ್ನಡದಲ್ಲಿ ತಗುಲಿದುದು ಮನೆಯವರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾವು ಕನ್ನಡದಲ್ಲಿ ಹೇಳಿದೆವು. ತಪ್ಪಾಯಿತೆಂದೆವು. ಅವನು "ಆಗಲಿ" ಎಂದಷ್ಟೇ ಹೇಳಿ ಬಾನೆಟ್ಟಿನ ಕೆಳಗೆ ಬಗ್ಗಿದನು.

ಅವನ ಕೆಲಸದ ರೀತಿಯನ್ನು ವಿವರವಾಗಿ ಬರೆಯುತ್ತೇವೆ; ಮನೆಯಲ್ಲಿ ಹಳೆಯ ಗಾಡಿಯಿರುವವರಿಗೆ ಉಪಯೋಗವಾದೀತು. ಮುರಿದ ಕೊಳವೆ ಒಂದು ಸಿಕ್ಕಿತೆಂದು ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಒಂದೇ ದಿನ ಹುಟ್ಟಿದ ಕೊಳವೆಗಳಿಗೆಲ್ಲ ಒಂದೇ ವಯಸ್ಸು. ಎಂಜಿನಿನ ಕಾವು, ಎಣ್ಣೆಯ ಆವಿ, ಗಾಳಿಯಲ್ಲಿನ ಓಝೋನು ಎಲ್ಲವನ್ನೂ ಸಮನಾಗಿ ತಿಂದಿರುತ್ತವೆ. ರಬ್ಬರು ಬಳುಕುವ ಗುಣ ಕಳೆದುಕೊಂಡು ಕಡ್ಡಿಯಾಗುತ್ತದೆ. ಅವನು ಪ್ರತಿಯೊಂದನ್ನೂ ಎರಡು ಬೆರಳಿನಿಂದ ಮೃದುವಾಗಿ ಬಗ್ಗಿಸಿ ನೋಡಿದನು. ಬಗ್ಗಿದ ಕಡೆ ಸಣ್ಣ ಬಿರುಕು ಬಾಯಿಬಿಟ್ಟದ್ದನ್ನು ಸೀಮೆಸುಣ್ಣದಿಂದ ಗುರುತು ಮಾಡಿದನು. ಬಳಿಕ ಎಂಜಿನು ಚಾಲೂ ಮಾಡಿಸಿ, ಒಂದು ಮೊಳದ ರಬ್ಬರು ನಳಿಗೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಡಾಕ್ಟರರಂತೆ ಕೊಳವೆಗಳ ಉದ್ದಕ್ಕೂ ಆಡಿಸಿದನು. ತಿರುಗುವ ಬೆಲ್ಟು ಫ್ಯಾನುಗಳ ಹತ್ತಿರಕ್ಕೆ ಒಯ್ಯಲಿಲ್ಲ. ಸಂದೇಹ ಬಂದಲ್ಲಿ ಇಕ್ಕುಳದಿಂದ ಕೊಳವೆಯನ್ನು ಕ್ಷಣಹೊತ್ತು ಹಿಸುಕಿದನು. ಹಿಸುಕಿದಾಗ ಎಂಜಿನಿನ ನಡೆ ಸುಧಾರಿಸಿದರೆ ಸೋರಿಕೆ ಅದರಾಚೆ ಇದೆಯೆಂದು ಅರ್ಥ. ಪೆಟ್ರೋಲಾಗಲಿ, ಬೇಗ ಹತ್ತಿಕೊಳ್ಳುವ ಇತರ ದ್ರವವಾಗಲಿ ಸಿಂಪಡಿಸಿ ಸೋರಿಕೆ ಹುಡುಕುವವರೂ ಉಂಟಂತೆ. ಬಿಸಿ ಎಂಜಿನಿನ ಮೇಲೆ ಅದು ಬೆಂಕಿಯೊಡನೆ ಆಟವೆಂದು ಅವನು ಅದನ್ನು ಮಾಡಲಿಲ್ಲ.

ಬದಲಿ ಕೊಳವೆಯನ್ನು ಆರಿಸುವುದರಲ್ಲಿಯೂ ವಿವೇಕ ಬೇಕು. ಒಳಗಿನ ಅಗಲ ಮೂತಿಗೆ ಸರಿಯಾಗಿರಬೇಕು. ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ಸೀಳುತ್ತದೆ. ಗೋಡೆ ದಪ್ಪವಾಗಿರಬೇಕು. ಮೀನಿನ ತೊಟ್ಟಿಗೆ ಹಾಕುವ ತೆಳುವಾದ ಪಾರದರ್ಶಕ ನಳಿಗೆಯನ್ನು ಕೆಲವರು ಹಾಕುವುದುಂಟು. ಅದು ಕಾವಿಗೆ ಮೆತ್ತಗಾಗಿ, ಹೊರಗಿನ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಅವನು ಯಜಮಾನನ ಕಪಾಟಿನಿಂದ ಎಂಜಿನಿಗೆಂದೇ ತಯಾರಾದ ಕಪ್ಪು ರಬ್ಬರು ಕೊಳವೆಯ ಸುರುಳಿ ತಂದು, ಹಳೆಯದರ ಪಕ್ಕದಲ್ಲಿ ಹಿಡಿದು, ಅದರಷ್ಟೇ ಉದ್ದಕ್ಕೆ ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿದನು. ಎಲ್ಲವನ್ನೂ ಒಮ್ಮೆಗೇ ಬಿಚ್ಚಲಿಲ್ಲ. ಒಂದನ್ನು ತೆಗೆದು, ಅದರ ಜಾಗಕ್ಕೆ ಹೊಸದನ್ನು ಕೂಡಿಸಿ, ಆಮೇಲೆ ಇನ್ನೊಂದಕ್ಕೆ ಕೈಹಾಕಿದನು. ಆಗ ಯಾವುದು ಎಲ್ಲಿಯದೆಂಬ ಗೊಂದಲವಿಲ್ಲ. ತುದಿ ಮಾತ್ರ ಸೀಳಿ, ಉದ್ದ ಸಾಕಷ್ಟಿದ್ದ ಒಂದು ಮೆತ್ತಗಿನ ಕೊಳವೆಯನ್ನು ಅವನು ಬದಲಿಸಲೂ ಇಲ್ಲ. ಸೀಳಿದ ಬೆರಳಗಲವನ್ನು ಕತ್ತರಿಸಿ ಮತ್ತೆ ಸಿಕ್ಕಿಸಿ, "ಇದು ಇನ್ನೂ ನಡೀತೈತ್ರಿ" ಎಂದನು. ಒಳ್ಳೆಯ ಸಾಮಾನು ಬಿಚ್ಚಿ ಹಳೆಯದನ್ನು ಸಿಕ್ಕಿಸುವವನೆಂದು ನಾವು ಕರೆದಿದ್ದುದು ಈ ಹುಡುಗನನ್ನೇ.

ಕಡೆಗೆ ಅವನು ಬ್ರೇಕಿನ ಬೂಸ್ಟರಿಗೆ ಹೋಗುವ ದಪ್ಪ ಕೊಳವೆಯ ಬಳಿ ಬಂದನು. ಮೇಲಿನಿಂದ ಅದು ಚೆನ್ನಾಗಿಯೇ ಕಾಣುತ್ತಿತ್ತು. ಅವನು ಮ್ಯಾನಿಫೋಲ್ಡಿನ ತುದಿಯ ಪಟ್ಟಿಯನ್ನು ಸಡಿಲಿಸಿ ಹೊರಳಿಸಿದಾಗ, ಪಟ್ಟಿಯ ಕೆಳಗೆ ಅರ್ಧ ಸುತ್ತಿನಷ್ಟು ಸೀಳು ಕಾಣಿಸಿತು.

"ಮುರದದ್ದು ಅದೊಂದ ಅಲ್ರಿ. ಇಲ್ಲಿ ನೋಡ್ರಿ. ಘಾಟ್ ಇಳಿಯೂಮುಂದ ಇದು ಹೋಗಿದ್ರ ಏನ್ ಮಾಡ್ತಿದ್ರಿ?"

ಬೂಸ್ಟರಿನೊಳಗೆ ಒಂದು ಅಗಲವಾದ ಪರದೆಯಿರುತ್ತದೆ. ಅದರ ಎರಡು ಕಡೆಯೂ ಎಂಜಿನಿನ ಶೂನ್ಯ. ಬ್ರೇಕು ತುಳಿದಾಗ ಒಂದು ಕಡೆಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ನೂಕುತ್ತದೆ. ಪರದೆಯ ವ್ಯಾಸ 18 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ವಿಸ್ತಾರ ಸುಮಾರು 254 ಚದರ ಸೆಂಟಿಮೀಟರ್. ಒತ್ತಡದ ವ್ಯತ್ಯಾಸ 500 ಮಿಲಿಮೀಟರ್ ಪಾದರಸವಾದರೆ, ಪರದೆಯ ಮೇಲೆ ಬೀಳುವ ಒಟ್ಟು ಬಲ ಸುಮಾರು 170 ಕಿಲೋಗ್ರಾಮಿನ ತೂಕದಷ್ಟು. ಎರಡು ಆಳುಗಳು ನಮ್ಮ ಕಾಲಿನ ಜೊತೆಗೆ ನಿಂತು ತುಳಿದಂತೆ. ಕೊಳವೆ ಕಿತ್ತುಹೋದರೆ ಆ ಆಳುಗಳಿಬ್ಬರೂ ಕೈಬಿಡುತ್ತಾರೆ. ಬ್ರೇಕು ಸಂಪೂರ್ಣವಾಗಿ ಹೋಗುವುದಿಲ್ಲ. ಆದರೆ ಪೆಡಲು ಕಲ್ಲಾಗುತ್ತದೆ, ಬಲವೆಲ್ಲ ಬಿಟ್ಟು ತುಳಿದರೂ ಗಾಡಿ ನಾವು ಎಣಿಸಿದಲ್ಲಿ ನಿಲ್ಲುವುದಿಲ್ಲ. ಖಂಡಾಲದ ಘಾಟಿಯ ಇಳಿಜಾರಿನಲ್ಲಿ, ಮುಂದೆ ಲಾರಿಗಳು, ಹಿಂದಿನ ಆಸನದಲ್ಲಿ ತಾಯಿಯವರು. ನಾವು ಮುಂದೆ ಯೋಚಿಸಲಿಲ್ಲ.

ಆ ಗಾತ್ರದ ಕೊಳವೆ ಅಲ್ಲಿ ಇರಲಿಲ್ಲ. ಅಳತೆಗೆ ಹಳೆಯ ತುಂಡನ್ನೇ ಕೈಗೆ ಕೊಟ್ಟು, ಬ್ರೇಕಿನ ಬೂಸ್ಟರಿಗೆಂದೇ ಕೇಳಿ ತರಬೇಕು, ಒಳಗೆ ನೂಲಿನ ಹೆಣಿಗೆಯಿರಬೇಕು ಎಂದು ಹೇಳಿ ಕುರ್ಲಾದ ಸಿ.ಎಸ್.ಟಿ. ರಸ್ತೆಗೆ ನಮ್ಮನ್ನು ಅಟ್ಟಿದನು. ತಂದುಕೊಟ್ಟೆವು. ಈ ಕೊಳವೆಯ ದಾರಿಯಲ್ಲಿ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ವಾಲ್ವಿದೆ. ಅದನ್ನು ತಿರುವುಮುರುವು ಕೂಡಿಸಿದರೆ ಬೂಸ್ಟರು ಕೆಲಸ ಮಾಡದು. ಅವನು ಊದಿ ನೋಡಿ ದಿಕ್ಕನ್ನು ತಿಳಿದು ಕೂಡಿಸಿದನು. ಬಳಿಕ ಪರೀಕ್ಷೆ. ಎಂಜಿನು ನಿಲ್ಲಿಸಿ, ಪೆಡಲು ಗಟ್ಟಿಯಾಗುವವರೆಗೆ ನಾಲ್ಕೈದು ಸಾರಿ ತುಳಿಯಲು ಹೇಳಿದನು. ಕಾಲನ್ನು ಒತ್ತಿಹಿಡಿದಂತೆಯೇ ಎಂಜಿನು ಚಾಲೂ ಮಾಡಿಸಿದನು. ಕಾಲಿನ ಕೆಳಗೆ ಪೆಡಲು ತಾನಾಗಿ ಒಂದಿಷ್ಟು ಇಳಿಯಿತು. "ಈಗ ಗಾಳಿ ಬಂತ್ರಿ ಕೈಗೂಡಾಕ" ಎಂದನು. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಯಾರಾದರೂ ಮಾಡಿ ನೋಡಬಹುದು.

ಕೊಳವೆಗಳಿಗೂ ಕೆಲಸಕ್ಕೂ ಸೇರಿ ಆದ ಖರ್ಚು, ಹೊಸ ಕಾರ್ಬ್ಯುರೇಟರಿನ ಬೆಲೆಯ ಹತ್ತನೆಯ ಒಂದು ಪಾಲೂ ಆಗಲಿಲ್ಲ. ಅದರ ಮೇಲೆ ಹುಡುಗನ ಕೈಗೆ ನಾವು ಬೇರೆಯಾಗಿ ಹಣ ಕೊಡಹೋದಾಗ, ಅವನು ಮುರಿದಿದ್ದ ಒಂದು ದಿನದ ಕೂಲಿಯಷ್ಟನ್ನು ಎಣಿಸಿ ಇಟ್ಟುಕೊಂಡು, ಉಳಿದುದನ್ನು ಹಿಂದಿರುಗಿಸಿದನು. ಯಜಮಾನನು ಕೊಡುತ್ತೇನೆಂದದ್ದು ಕೊಟ್ಟಾಗ ತಾನೆ ಎಂಬ ಅರ್ಥ ಅದರಲ್ಲಿತ್ತು. ನಮಗೆ ಅವನು ನಗುಮುಖ ತೋರಲಿಲ್ಲ. ತೋರಬೇಕೆಂದು ನಿರೀಕ್ಷಿಸುವ ಹಕ್ಕೂ ನಮಗಿರಲಿಲ್ಲ. ಹೊರಡುವಾಗ ಮಾತ್ರ ಫಿಲ್ಟರಿನ ಪೆಟ್ಟಿಗೆಯ ಕಡೆ ಕೈತೋರಿಸಿ ಒಂದು ಮಾತು ಹೇಳಿದನು:

"ಇನ್ನಮ್ಯಾಲ ಹಳೇ ಪೈಪ್ ಎಳೀಬ್ಯಾಡ್ರಿ. ಮೊದಲ ಒಂದೀಟು ತಿರುವ್ರಿ. ಅಂಟಿದ್ದು ಬಿಟ್ಟಮ್ಯಾಲ ತಗೀರಿ. ಬಿಡಲಿಲ್ಲಂದ್ರ ಬ್ಲೇಡ್‌ಲೇ ಉದ್ದಕ ಸೀಳ್ರಿ. ಮೂತಿ ಮುರೀಬ್ಯಾಡ್ರಿ."

ಭಾನುವಾರ ತಾಯಿಯವರನ್ನು ಪುಣೆಗೆ ಕರೆದೊಯ್ದೆವು. ಮಂಗಳವಾರ ಘಾಟಿ ಇಳಿದು ಹಿಂದಿರುಗಿದೆವು. ಗಾಡಿ ಒಮ್ಮೆಯೂ ನಡುಗಲಿಲ್ಲ. ಪ್ರತಿ ತಿರುವಿನಲ್ಲಿಯೂ ಬ್ರೇಕಿನ ಮೇಲೆ ಕಾಲಿಟ್ಟಾಗ ಆ ಹುಡುಗನ ನೆನಪಾಗುತ್ತಿತ್ತು. ಮುಂದಿನ ತಿಂಗಳು ಗ್ಯಾರೇಜಿಗೆ ಹೋದಾಗ ಅವನು ಇರಲಿಲ್ಲ; ಊರಿಗೆ ಹೋದವನು ಮರಳಿ ಬರಲಿಲ್ಲವೆಂದು ಯಜಮಾನನು ಹೇಳಿದನು. ಊರಿನಿಂದ ತಾಯಿಯವರು ತರಿಸಿಕೊಟ್ಟಿದ್ದ ಹಪ್ಪಳದ ಕಟ್ಟು ಹಾಗೆಯೇ ನಮ್ಮ ಕೈಯಲ್ಲಿ ಉಳಿಯಿತು.

ನೀವು ದೊಡ್ಡವರಾಗುವ ಹೊತ್ತಿಗೆ ಇಂತಹ ಕೊಳವೆಗಳು ನೋಡಲಿಕ್ಕೂ ಸಿಗದಿರಬಹುದು. ವಿದ್ಯುತ್ತಿನಿಂದ ಓಡುವ ಗಾಡಿಗಳಿಗೆ ಪಿಸ್ಟನೂ ಇಲ್ಲ, ಮ್ಯಾನಿಫೋಲ್ಡೂ ಇಲ್ಲ. ಬ್ರೇಕಿಗೆ ಬೇಕಾದ ಸಹಾಯವನ್ನು ಅವು ಬೇರೆ ಬಗೆಯಿಂದ ಪಡೆಯುತ್ತವೆ. ಆದರೆ ಒಣಗಿ ಅಂಟಿಕೊಂಡುದನ್ನು ಎಳೆಯುವ ಮೊದಲು ತಿರುಗಿಸಿ ನೋಡಬೇಕೆಂಬುದು ಕೊಳವೆಗಳಿಗೆ ಮಾತ್ರ ಹೇಳಿದ ಮಾತೆಂದು ನಮಗೆ ತೋರುವುದಿಲ್ಲ. ಇನ್ನೊಂದು ಮಾತನ್ನೂ ನಿಮ್ಮಲ್ಲಿ ಬಿನ್ನವಿಸುತ್ತೇವೆ. ಈ ಮಹಾನಗರದಲ್ಲಿ ನಿಮ್ಮ ಪಕ್ಕದಲ್ಲಿ ಮಸಿಬಟ್ಟೆ ಹಿಡಿದು ನಿಂತವನಿಗೆ ಕನ್ನಡ ತಿಳಿಯದೆಂದು ಎಣಿಸಬೇಡಿರಿ. ತಿಳಿಯದಿದ್ದರೂ, ತಿಳಿದಂತೆಯೇ ಆಡಿರಿ.

ಆ ಹುಡುಗ ಎಂದಾದರೂ ಈ ಊರಿಗೆ ಮರಳಿದರೆ, ಗಾಡಿ ನಮ್ಮ ಮನೆಯ ಮುಂದೆಯೇ ಇದೆ. ಅವನು ಕೂಡಿಸಿದ ಕೊಳವೆ ಇನ್ನೂ ಬಿಗಿಯಾಗಿದೆ.